ಕೋಳಿಗಳು ಉಸಿರಾಡುವಾಗ ಗೊರಗೊರ ಅನ್ನುತ್ತಿವೆ, ರೋಗಾಣು ಹುಡುಕುವ ಪಿಸಿಆರ್ ಟೆಸ್ಟ್ ಮಾತ್ರ ನೆಗೆಟಿವ್. ಈಗ ಪ್ರತಿಕಾಯ ನೋಡುವ ಎಲಿಸಾ ಮಾಡಿಸಲಾ, ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ಮಾಡಿಸಲಾ?

ಸದ್ಯಕ್ಕೆ ಎರಡೂ ಬೇಡ. ಸ್ವಾಬ್ ತೆಗೆಯುವ ಮೊದಲು ಕುಡಿಯುವ ನೀರಿಗೆ ಆ್ಯಂಟಿಬಯಾಟಿಕ್ ಹಾಕಿದ್ರಾ? ನಾನು ಹಾಕಿದ್ದೆ.

ರಾತ್ರಿ ಲೈಟ್ ಆರಿಸಿ ಶೆಡ್ಡಿನಲ್ಲಿ ಸುಮ್ನೆ ನಿಂತರೆ ಮೂಲೆಮೂಲೆಯಿಂದ ಅದೇ ಗೊರಗೊರ. ಗಾಬರಿಯಲ್ಲಿ ಟೈಲೋಸಿನ್ ಅನ್ನೋ ಆ್ಯಂಟಿಬಯಾಟಿಕ್ ಶುರು ಮಾಡಿದೆ. ಸದ್ದು ತಗ್ಗುತ್ತಾ ಬಂದ ಮೇಲೆ, ಯಾವುದಕ್ಕೂ ಇರಲಿ ಅಂತ ಸ್ವಾಬ್ ಕಳಿಸಿದೆ. ಕೋಳಿಗೆ ಉಸಿರಾಟದ ರೋಗ ತರುವ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ನೆಗೆಟಿವ್ ಅಂತ ಬಂತು. ಆ ಹಾಳೆ ನಂಬಿ ಪಕ್ಕದ ಶೆಡ್ಡಿಗೆ ಹೊಸ ಕೋಳಿ ತುಂಬಿಸಿದೆ. ಔಷಧಿ ನಿಂತಿದ್ದೇ ತಡ, ಹಳೆಯವು ಮತ್ತೆ ಶುರು ಮಾಡಿದವು. ಹೊಸವಕ್ಕೂ ಹತ್ತಿತು, ಮೊಟ್ಟೆ ಇಳಿಯಿತು.

ಇದನ್ನು ಬಿಡಿಸಿ ಹೇಳಲೇಬೇಕು. ಪಿಸಿಆರ್ ಹುಡುಕುವುದು ಸ್ವಾಬಿಗೆ ಅಂಟಿ ಬಂದ ಡಿಎನ್‌ಎ. ಟೈಲೋಸಿನ್ ಈ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ಪೂರ್ತಿ ತೊಲಗಿಸುವುದಿಲ್ಲ. ಗಂಟಲಲ್ಲಿ ಅಳಿದುಳಿದದ್ದು ಪತ್ತೆಗೆ ಸಾಲದಷ್ಟಿದ್ದರೆ ಯಂತ್ರ ನೆಗೆಟಿವ್ ಅನ್ನದೆ ಇನ್ನೇನು ಅನ್ನಬೇಕು? ಲ್ಯಾಬಿನವರನ್ನು ಬೈದೆ, ಪಾಪ. ಅವರಿಗೆ ನಾನು ಔಷಧಿ ವಿಷಯ ಹೇಳಿಯೇ ಇರಲಿಲ್ಲ.

ಹಾಗಾಗಿ ಯಾವ ಟೆಸ್ಟ್ ಅನ್ನೋ ಪ್ರಶ್ನೆಯನ್ನೇ ಬಿಡಿ. ಕಲ್ಚರ್‌ನಲ್ಲಿ ಮೈಕೋಪ್ಲಾಸ್ಮಾ ಬೆಳೆಯಲು ವಾರಗಟ್ಟಲೆ ಬೇಕು. ಎಲಿಸಾ ತೋರಿಸುವುದು ಪ್ರತಿಕಾಯ. ಸೋಂಕು ಈಗಿನದೋ ಹಳೆಯದೋ ಅದಕ್ಕೆ ಗೊತ್ತಾಗಲ್ಲ. ಪಿಸಿಆರನ್ನೇ ಸರಿಯಾಗಿ ಮಾಡಿಸಿ. ಔಷಧಿ ನಡೀತಿದ್ದರೆ ಕೋರ್ಸ್ ಮುಗಿದು ಒಂದೆರಡು ವಾರ ಕಳೆಯಲಿ. ಆಮೇಲೆ ಹೊಸದಾಗಿ ಸೀನುತ್ತಿರುವ ಕೋಳಿಗಳನ್ನು ಹಿಡಿಯಿರಿ. ಕೊಕ್ಕು ತೆರೆದರೆ ಅಂಗುಳದಲ್ಲಿ ಉದ್ದಕ್ಕೊಂದು ಸೀಳು ಕಾಣುತ್ತದೆ. ಮೆತ್ತಿದ ಮೇವು ಒರೆಸಿ, ಸ್ವಾಬನ್ನು ಆ ಸೀಳಿನೊಳಗೆ ಇಟ್ಟು ತಿರುಗಿಸಿ, ಲೋಳೆ ಹತ್ತಬೇಕು. ಮರದ ಕಡ್ಡಿಯ ಹತ್ತಿ ಸ್ವಾಬ್ ಬೇಡ, ಅದು ಪಿಸಿಆರನ್ನೇ ಕೆಡಿಸಬಹುದು. ಪಾಲಿಯೆಸ್ಟರ್ ತುದಿಯದು ತಗೊಳ್ಳಿ, ಐಸ್ ಮೇಲಿಟ್ಟು ಕಳಿಸಿ.

ಮೈಕೋಪ್ಲಾಸ್ಮಾ ಒಂದನ್ನೇ ಕೇಳಬೇಡಿ. ಮುಖ ಊದಿ ಮೂಗಿನಿಂದ ನಾತ ಬರುತ್ತಿದ್ದರೆ ಕೊರೈಜಾ ಅನ್ನೋ ಕೋಳಿ ನೆಗಡಿ ರೋಗಕ್ಕೂ ನೋಡಿಸಿ. ಒಆರ್‌ಟಿ ಅಂತ ಕರೆಯುವ, ಉಸಿರಾಟದ ರೋಗ ತರುವ ಇನ್ನೊಂದು ಬ್ಯಾಕ್ಟೀರಿಯಾ ಆರ್ನಿಥೋಬ್ಯಾಕ್ಟೀರಿಯಂ ಕೂಡ ಸೇರಿಸಿ. ಬರೀ ಇ. ಕೋಲಿ ಸಿಕ್ಕಿತು ಅಂದರೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ, ಅದು ಆರೋಗ್ಯವಾಗಿರುವ ಕೋಳಿಯ ಕರುಳಲ್ಲೂ ಇರುತ್ತೆ. ಯಾವ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದಾಗ ಮಾತ್ರ ಕಲ್ಚರ್ ಬೇಕೇ ಬೇಕು.

ಮೈಕೋಪ್ಲಾಸ್ಮಾದ ಜೀವಂತ ಲಸಿಕೆ ಕೊಡಿಸಿದ್ದರೆ ಲ್ಯಾಬಿಗೆ ಮೊದಲೇ ತಿಳಿಸಿ. ಎಫ್ ತಳಿಯ ಲಸಿಕೆ ಗಂಟಲಲ್ಲೇ ಬೀಡುಬಿಡುತ್ತೆ, ಸಾಮಾನ್ಯ ಪಿಸಿಆರ್ ಅದನ್ನೂ ಪಾಸಿಟಿವ್ ಅಂತಲೇ ತೋರಿಸುತ್ತದೆ.