ಹನ್ನೊಂದು ರೂಪಾಯಿಯಿಂದ ಆರಂಭಿಸಿ

ಮಾನ್ಯರೇ,

ನೀವು ಮುಂಬಯಿ ಬಳಿಯ ಡೊಂಬಿವಲಿಯಿಂದ ಕಳುಹಿಸಿದ ‘ಕಲ್ಯಾಣ ಭಾರತ’ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ‘ವಿಷಾದಪೂರ್ವಕ ಹಿಂದಿರುಗಿಸಲಾಗಿದೆ’ ಎಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಹದಿನೆಂಟು ಪುಟಗಳ ಪೈಕಿ ಹನ್ನೊಂದನೆಯದು ಅದಕ್ಕೆ ಬಿಡಲಿಲ್ಲ. ಇತರರಿಗೂ ಉಪಯೋಗವಾದೀತೆಂದು ನಿಮ್ಮ ಹೆಸರು ಹೇಳದೆ ಉತ್ತರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ.

ಶರಣರ ನಂಬಿಕೆಯನ್ನು ಆಧಾರವಾಗಿಟ್ಟುಕೊಂಡು ದೇಶದ ರಾಜಕಾರಣವನ್ನು ತಿದ್ದಬೇಕು, ಜಾತಿಯ ಲೆಕ್ಕಾಚಾರ ಹೋಗಬೇಕು, ಹೆಣ್ಣುಮಕ್ಕಳಿಗೆ ಸಮಪಾಲು ಸಿಗಬೇಕು, ಹಣದ ಹಿಡಿತ ತಪ್ಪಬೇಕು ಎನ್ನುವುದು ನಿಮ್ಮ ವಾದ. ನನ್ನ ತಕರಾರಿಲ್ಲ. ದೇವರ ಹೆಸರೆತ್ತಿದ ಕೂಡಲೇ ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ; ಈ ಸೀಮೆಯ ಚರಿತ್ರೆ ಬಲ್ಲವರು ಹಾಗೆ ಮಾಡಲಾರರು. 1867ರಲ್ಲಿ ಮುಂಬಯಿಯಲ್ಲಿ ಆರಂಭವಾದ, ದೇವರ ನಂಬಿಕೆಯಿಂದಲೇ ಸಮಾಜ ಸುಧಾರಣೆಗೆ ಹೊರಟ ಪ್ರಾರ್ಥನಾ ಸಮಾಜಕ್ಕೆ ನಮ್ಮ ಕಡೆಯ ಇಬ್ಬರು ದುಡಿದಿದ್ದಾರೆ. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ ಹೈಕೋರ್ಟಿನ ನ್ಯಾಯಮೂರ್ತಿ, 1900ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ. ಜಮಖಂಡಿಯ ವಿಠ್ಠಲ ರಾಮಜಿ ಶಿಂದೆ ಆಕ್ಸ್‌ಫರ್ಡಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿ ಬಂದವರು. 1906ರಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದರು. ಸಾರ್ವಜನಿಕ ಜೀವನ ಆಧ್ಯಾತ್ಮಿಕವಾಗಬೇಕೆಂಬ ಆಶಯವಿಟ್ಟುಕೊಂಡೇ ಕಾಂಗ್ರೆಸ್ ನಾಯಕ ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದರು. ಆರು ವರ್ಷಗಳ ನಂತರ ಅವರು ಶಾಸನ ಪರಿಷತ್ತಿನ ಮುಂದಿಟ್ಟದ್ದು ಪ್ರಾಥಮಿಕ ಶಿಕ್ಷಣದ ಮಸೂದೆ. ಅದು ಬಿದ್ದುಹೋಯಿತು, ನಿಜ. ಆದರೆ ಗೋಖಲೆಯವರ ದೇವರನ್ನು ನಂಬದವನೂ ಅದನ್ನು ಓದಿ ಒಪ್ಪಬಹುದಿತ್ತು, ಅಲ್ಲಗಳೆಯಬಹುದಿತ್ತು.

ನಿಮ್ಮ ಲೇಖನವನ್ನು ಅಲ್ಲಗಳೆಯಲೂ ಆಗುವುದಿಲ್ಲ. ಅದೇ ನನ್ನ ಮುಖ್ಯ ದೂರು. ‘ಅಂತಃಕರಣ ಜಾಗೃತವಾಗಬೇಕು’ ಎಂದು ಪುಟಪುಟದಲ್ಲೂ ಬರೆದಿದ್ದೀರಿ. ಯಾರದು? ಶಾಸಕನದೇ, ಮತದಾರನದೇ, ದೇಣಿಗೆ ಕೊಡುವ ಉದ್ಯಮಿಯದೇ? ಆಗದಿದ್ದರೆ ಏನು ಮಾಡೋಣ? ಭಕ್ತರ ಸಭೆಯಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ. ಓದುಗ ಸಭಿಕನಲ್ಲ, ಅವನು ಒಬ್ಬನೇ, ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತು ಓದುತ್ತಿರುತ್ತಾನೆ, ಎರಡನೆಯ ಪುಟಕ್ಕೇ ಮಡಚಿಡುತ್ತಾನೆ.

ಈಗ ಹನ್ನೊಂದನೆಯ ಪುಟ. ನಿಮ್ಮ ಬಡಾವಣೆಯ ಮಂದಿರದ ವಾರ್ಷಿಕ ಶನಿಪೂಜೆ ಮುಗಿದ ಮರುದಿನ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಜಮಾಖರ್ಚು ಬರೆಯುತ್ತಾರೆ. ಹನ್ನೊಂದು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿ ಇರುತ್ತದೆ. ಹೂವಿನವನ ಬಾಕಿ, ಎಳ್ಳೆಣ್ಣೆಯ ಖರ್ಚು, ಪಾರಾಯಣದವರ ಸಂಭಾವನೆ ಎಲ್ಲ ಸೀಮೆಸುಣ್ಣದಲ್ಲಿ. ಹೀಗೆ ಬರೆದವರು ಮರುಸಾಲಿನಲ್ಲೇ ಮತ್ತೆ ವಿಶ್ವಕಲ್ಯಾಣಕ್ಕೆ ಹಾರಿಬಿಟ್ಟಿದ್ದೀರಿ! ಅಲ್ಲೇ ನಿಲ್ಲಬೇಕಿತ್ತು. ರಾಜಕೀಯ ಪಕ್ಷಗಳು ಚುನಾವಣಾ ಆಯೋಗಕ್ಕೆ ಕೊಡುವ ವರದಿಯಲ್ಲಿ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರಿದ್ದರೆ ಸಾಕು. ಅದರ ಕೆಳಗಿನವರ ಹೆಸರು ಬೇಕಿಲ್ಲ. ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡಲು 2018ರಲ್ಲಿ ಬಂದ ಚುನಾವಣಾ ಬಾಂಡ್‌ಗಳಲ್ಲಂತೂ ದೊಡ್ಡ ದಾನಿಯ ಹೆಸರೂ ಮತದಾರನಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದುಪಡಿಸಿತು. ಇನ್ನೊಂದು ಸಂಗತಿ: ಮಹಾರಾಷ್ಟ್ರದಲ್ಲಿ ಲೋಕಸಭೆಯ ಅಭ್ಯರ್ಥಿ 95 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಅವನ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಶನಿಪೂಜೆಯ ಸಮಿತಿ ಪಾಲಿಸುವ ಶಿಸ್ತನ್ನು ದೇಶ ಆಳುವವರು ಏಕೆ ಪಾಲಿಸಬಾರದು? ನಿಮ್ಮ ಲೇಖನ ಇದು. ಉಳಿದದ್ದು ಪೀಠಿಕೆ.

ಎದುರು ವಾದವನ್ನೂ ಕರೆದು ಕೂರಿಸಿ ಮಾತನಾಡಿಸಿ. ಹೆಸರು ಬಯಲಾದರೆ ಅಧಿಕಾರಕ್ಕೆ ಬಂದ ಪಕ್ಷ ಎದುರಾಳಿಗೆ ಕೊಟ್ಟವರ ಮೇಲೆ ಹಗೆ ಸಾಧಿಸೀತು ಎಂಬುದು ಬಾಂಡ್ ಪರವಾಗಿ ಸರ್ಕಾರ ಹೇಳಿದ ಕಾರಣ. ಅದು ತಳ್ಳಿಹಾಕುವಂಥ ಮಾತಲ್ಲ. ನಿಮ್ಮ ಮಂದಿರದಲ್ಲೂ ಹೆಸರು ಬೇಡ ಎನ್ನುವ ದಾನಿ ಇದ್ದೇ ಇರುತ್ತಾನೆ. ಸಮಿತಿ ಅವನನ್ನು ಹಲಗೆಯ ಮೇಲೆ ಹೇಗೆ ನಮೂದಿಸುತ್ತದೆ? ಕೇಳಿಕೊಂಡು ಬನ್ನಿ.

ಅಭ್ಯರ್ಥಿಗಳೆಲ್ಲ ದೇವರ ಮೇಲೆ ಆಣೆ ಮಾಡಲೇಬೇಕೆಂಬ ನಿಮ್ಮ ಸೂತ್ರವನ್ನು ದಯವಿಟ್ಟು ಹೊಡೆದುಹಾಕಿ. ಅಭ್ಯರ್ಥಿಗಳು ಈಗಲೂ ಪ್ರಮಾಣ ಮಾಡುತ್ತಾರೆ. ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಎಂಬ ಆಯ್ಕೆಯನ್ನು ಸಂವಿಧಾನವೇ ಅವರಿಗೆ ಬಿಟ್ಟಿದೆ. ‘ಧರ್ಮದ ಹೆಸರಿನಲ್ಲಿ ಮತ ಕೇಳುವ ಧೈರ್ಯ ಬೇಕು’ ಎಂಬ ವಾಕ್ಯವಂತೂ ಕಾನೂನಿನ ಕಣ್ಣಿನಲ್ಲಿ ಭ್ರಷ್ಟ ಆಚರಣೆಗೆ ಕೊಟ್ಟ ಕರೆ. ನಮ್ಮ ವಿಲೆ ಪಾರ್ಲೆಯ 1987ರ ಉಪಚುನಾವಣೆ ಇದೇ ಕಾರಣಕ್ಕೆ ಅಸಿಂಧುವಾಯಿತು, 1995ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಮುಂಬಯಿ ಸೀಮೆಯಿಂದ ಬರೆಯುವವರಿಗೆ ಇದು ಗೊತ್ತಿರಬೇಕು.

ಅನುಭವ ಮಂಟಪವನ್ನು ‘ಜಗತ್ತಿನ ಮೊದಲ ಸಂಸತ್ತು’ ಎಂದಿದ್ದೀರಿ. ವೇದಿಕೆಯ ಮೇಲೆ ಇದನ್ನು ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ತೆರಿಗೆಯೂ ಸೈನ್ಯವೂ ಕಲ್ಯಾಣದ ಅರಸ ಬಿಜ್ಜಳನ ಕೈಯಲ್ಲಿದ್ದವು, ಮಂಟಪದ ಕೈಯಲ್ಲಿ ಅಲ್ಲ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳು ಜಾತಿ ಮೀರಿ ಮದುವೆಯಾದ ನಂತರ ಶರಣರಿಗೆ ಏನಾಯಿತೆಂಬುದು ನಿಮಗೆ ತಿಳಿದಿದೆ. ಲೇಖನದಲ್ಲಿ ಅದರ ಸುಳಿವೇ ಇಲ್ಲ. ಸಮಾನತೆಯ ನಂಬಿಕೆ ಅರಸೊತ್ತಿಗೆಗೆ ಡಿಕ್ಕಿ ಹೊಡೆದ ಜಾಗವನ್ನೇ ಬಿಟ್ಟು ಕಲ್ಯಾಣವನ್ನು ಬರೆದರೆ ಏನು ಬಂತು? ಶರಣರಲ್ಲಿ ಒಬ್ಬರನ್ನು ಆರಿಸಿಕೊಳ್ಳುವುದಾದರೆ ಆಯ್ದಕ್ಕಿ ಲಕ್ಕಮ್ಮನನ್ನು ಆರಿಸಿಕೊಳ್ಳಿ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಹಿಂದಕ್ಕೆ ಅಟ್ಟಿದ ಹೆಂಗಸು. ಹನ್ನೊಂದನೆಯ ಪುಟಕ್ಕೆ ಅವಳು ಸಲೀಸಾಗಿ ಹೊಂದುತ್ತಾಳೆ.

ಕೊನೆಯ ಪುಟದ ‘ಸಂತಸದೃಶ ನಾಯಕ’ನನ್ನು ತೆಗೆದುಬಿಡಿ. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂದು ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಅವರನ್ನು ಎರಡು ಕಡೆ ಸ್ಮರಿಸಿ, ಅವರು ಬೇಡವೆಂದದ್ದನ್ನೇ ಕೊನೆಗೆ ಕೇಳಿದ್ದೀರಿ.

ಹದಿನೆಂಟನ್ನು ಏಳು ಪುಟಕ್ಕೆ ಇಳಿಸಿ. ನವರಾತ್ರಿಯೊಳಗೆ ಕೈಸೇರಿದರೆ ದೀಪಾವಳಿ ವಿಶೇಷಾಂಕದಲ್ಲಿ ಜಾಗ ಇಟ್ಟಿರುತ್ತೇನೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಕಳೆದ ಬಾರಿ ನಿಮ್ಮ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಂದಿದ್ದವು.

ಇಂತಿ,
ಸಂಪಾದಕ
ಮಾಟುಂಗಾ, ಮುಂಬಯಿ