ಮೊದಲ ಡಿಕಾಕ್ಷನ್ ಯಾರಿಗೆ?

"ಮನೇಲಿ ಎಲ್ಲಾ ಇದೆ ಮೇಡಂ. ಆದ್ರೆ ಖುಷಿ ಅಂತ ಏನೂ ಅನ್ಸಲ್ಲ."

ಮೈಸೂರಿನ ಒಬ್ಬ ಗೃಹಿಣಿ ಸಲಹೆಗೆಂದು ನನ್ನ ಹತ್ತಿರ ಬಂದು ಕೂತ ಕೂಡಲೇ ಹೇಳಿದ ಮಾತು ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು ಐವತ್ತು ದಾಟಿದೆ. ಗಂಡನಿಗೆ ಸ್ವಂತ ಅಂಗಡಿ. ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ, ಮಗ ಮನೆಯಲ್ಲಿದ್ದುಕೊಂಡೇ ಓದುತ್ತಿದ್ದಾನೆ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವರು ಇವರೇ. ಅತ್ತೆ ತೀರಿಹೋದ ಮೇಲೆ "ಇನ್ನಾದ್ರೂ ಆರಾಮಾಗಿರು" ಅಂತ ಬಂದವರೆಲ್ಲ ಹೇಳಿದರು. ಆರಾಮಾಗಿರೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಟಿವಿ ಹಾಕಿದರೆ ಬೇಸರ, ಫೋನ್ ಹಿಡಿದರೆ ಹೊತ್ತು ಹೋಗಿದ್ದೇ ತಿಳಿಯಲ್ಲ, ಕೆಳಗಿಟ್ಟ ಮೇಲೆ ಬೇಸರ ಇನ್ನೂ ಜಾಸ್ತಿ.

ಇಂಥ ಮಾತು ಕೇಳಿದಾಗ ಮೊದಲು ನೋಡಬೇಕಾದ್ದು ಇದು ಖಿನ್ನತೆಯಾ ಅಂತ. ಎರಡು ವಾರವಾದರೂ ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಿದ್ದ ಯಾವುದೂ ಬೇಡವಾಗಿದ್ದರೆ, ಜೊತೆಗೆ ನಿದ್ದೆ, ಹಸಿವು ಕೆಟ್ಟಿದ್ದರೆ ವೈದ್ಯರನ್ನು ನೋಡಲೇಬೇಕು. ಸಾಯುವ ಯೋಚನೆ ಬರುತ್ತಾ ಅಂತ ನಾನು ನೇರವಾಗಿಯೇ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಇವರಿಗೆ ಅದು ಇರಲಿಲ್ಲ, ನಿದ್ದೆಯೂ ಚೆನ್ನಾಗಿಯೇ ಇತ್ತು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಲು ಹೇಳಿದೆ. ಅಲ್ಲಿ ಏರುಪೇರಾದರೂ ಇದೇ ಥರ ಸುಸ್ತು, ಬೇಸರ ಬರುತ್ತೆ. ಬಿ12 ಸ್ವಲ್ಪ ಕಡಿಮೆ ಇತ್ತು, ವೈದ್ಯರು ಮಾತ್ರೆ ಬರೆದುಕೊಟ್ಟರು. (ರಾತ್ರಿ ಹೊತ್ತಲ್ಲಿ ಯಾರೂ ಸಿಗದೆ ಒದ್ದಾಡುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.)

ಆಮೇಲೆ ಖುಷಿಯ ವಿಷಯ ಬಿಟ್ಟು, ನಿಮ್ಮ ಮನೆಯಲ್ಲಿ ಬೆಳಿಗ್ಗೆ ಹೇಗೆ ನಡೆಯುತ್ತೆ ಹೇಳಿ ಅಂದೆ. ಎದ್ದು ಫಿಲ್ಟರ್‌ಗೆ ಪುಡಿ ಹಾಕಿ ಕುದಿಯೋ ನೀರು ಸುರಿಯುತ್ತಾರೆ. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಗಂಡನಿಗೆ, ಮಗನಿಗೆ, ಬಂದವರಿಗೆ. ಅದೇ ಪುಡಿಗೆ ಇನ್ನೊಂದು ಸಲ ನೀರು ಹಾಕಿ ಇಳಿಸಿದ ತೆಳು ಡಿಕಾಕ್ಷನ್ ಇವರಿಗೆ. ಅದನ್ನೂ ಒಲೆ ಮುಂದೆ ನಿಂತುಕೊಂಡೇ ಅರ್ಧ ಕುಡಿಯುತ್ತಾರೆ, ಇನ್ನರ್ಧ ಸಿಂಕ್ ಪಕ್ಕದಲ್ಲಿ ಆರಿಹೋಗುತ್ತೆ.

"ನಿಮಗೆ ಲೈಟ್ ಕಾಫಿ ಇಷ್ಟನಾ?"

"ಅಯ್ಯೋ ಇಲ್ಲ ಮೇಡಂ, ಸ್ಟ್ರಾಂಗ್ ಕಾಫಿ ಅಂದ್ರೆ ಪ್ರಾಣ. ನನ್ನೊಬ್ಬಳಿಗೆ ಯಾಕೆ ಪುಡಿ ದಂಡ ಅಂತ."

ಹಾಗೇ ಕೇಳುತ್ತಾ ಹೋದರೆ ಎಲ್ಲ ಕಡೆ ಇದೇ. ಹರಿದ ದೋಸೆ, ತಳ ಹತ್ತಿದ ಉಪ್ಪಿಟ್ಟು ಇವರ ತಟ್ಟೆಗೆ. ದೇವರಾಜ ಮಾರುಕಟ್ಟೆಯಿಂದ ತಂದ ಮಲ್ಲಿಗೆ ದೇವರ ಫೋಟೊಗೆ ಮಾತ್ರ. ಆ ಮನೆಯಲ್ಲಿ ಸಣ್ಣಪುಟ್ಟ ಸುಖಕ್ಕೆ ಏನೂ ಕಮ್ಮಿ ಇರಲಿಲ್ಲ, ದಿನಾ ಅಷ್ಟನ್ನೂ ಮಾಡಿ ಬಡಿಸುತ್ತಿದ್ದವರೇ ಇವರು. ಆದರೆ ಇವರ ಪಾಲು ಅಂತ ಯಾವುದರಲ್ಲೂ ಇರಲಿಲ್ಲ. ಇರೋದರಲ್ಲೇ ಖುಷಿ ಕಾಣಿ ಅಂತ ಇಂಥವರಿಗೆ ಬುದ್ಧಿ ಹೇಳುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ಇದರ ಮೇಲೆ ತುಂಬ ಕೆಲಸ ಮಾಡಿದರು. ಹಿತ ಕೊಡುವ ಸಂಗತಿಗಳು ದಿನಚರಿಯಿಂದ ಉದುರಿಹೋದಂತೆ ಮನಸ್ಸು ಕುಗ್ಗುತ್ತೆ, ಮನಸ್ಸು ಕುಗ್ಗಿದಷ್ಟೂ ಇನ್ನಷ್ಟು ಉದುರುತ್ತವೆ ಅನ್ನೋದು ಅವರ ವಾದ. ಜನರಿಗೆ ಹಿತವೆನಿಸುವ 320 ಸಂಗತಿಗಳ ಪಟ್ಟಿಯೇ ಅವರ ತಂಡದ್ದು ಇದೆ. ನಾನು ಆ ಪಟ್ಟಿ ಕೊಡಲಿಲ್ಲ. ನಿಮ್ಮ ಮನೆಯಲ್ಲೇ ಇರುವ, ಹೊಸದಾಗಿ ಏನನ್ನೂ ಕೊಳ್ಳದೆ ಆಗುವಂಥದ್ದನ್ನು ನೀವೇ ಹೇಳಿ ಅಂದೆ. ಕಾಫಿ, ಮುಡಿಗೆ ಹೂವು, ರೇಡಿಯೊ ಅಂದರು. ಅಪ್ಪನ ಮನೆಯಲ್ಲಿ ಮೈಸೂರು ಆಕಾಶವಾಣಿ ಕೇಳಿಕೊಂಡೇ ಬೆಳೆದವರಂತೆ. ಆ ಕೇಂದ್ರ 1935ರಲ್ಲಿ ಶುರುವಾಗಿದ್ದೂ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲೇ ಅಂತ ಹೇಳಿದಾಗ ಮೊದಲ ಸಲ ನಕ್ಕರು.

ಕೊಟ್ಟ ಸಲಹೆ ತುಂಬ ಸರಳ. ಮೊದಲ ಡಿಕಾಕ್ಷನ್‌ನಲ್ಲಿ ಮೊದಲ ಲೋಟ ನಿಮಗೆ. ಫೋನ್ ರೂಮಲ್ಲಿ ಬಿಟ್ಟು, ಜಗಲಿಯಲ್ಲಿ ಕೂತು, ಲೋಟ ಖಾಲಿಯಾಗುವ ತನಕ ಏಳಬೇಡಿ, ಯಾರು ಕರೆದರೂ "ಬಂದೆ, ಐದು ನಿಮಿಷ" ಅನ್ನಿ. ಮನಸ್ಸು ಬರಲಿ ಆಮೇಲೆ ಮಾಡ್ತೀನಿ ಅಂತ ಕಾಯಬೇಡಿ, ಮಾಡುತ್ತಾ ಹೋದರೆ ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ. ಕುಡಿಯುವ ಮುಂಚೆ ಒಂದು, ಕುಡಿದಾದ ಮೇಲೆ ಒಂದು, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂತ ಗೋಡೆ ಕ್ಯಾಲೆಂಡರ್ ಮೇಲೆ ಬರೆಯಿರಿ.

ಮೊದಲ ವಾರ ಎರಡು ಇದ್ದದ್ದು ಮೂರಾಗಿತ್ತು, ಅಷ್ಟೇ. "ಕದ್ದು ಕುಡಿದ ಹಾಗೆ ಅನ್ಸುತ್ತೆ" ಅಂದರು. ಹಾಗೆ ಅನ್ನಿಸಿಯೇ ಅನ್ನಿಸುತ್ತೆ. ವರ್ಷಗಟ್ಟಲೆ ಕೊನೆಗೆ ಉಂಡವರಿಗೆ ಮೊದಲು ಕುಡಿಯೋದು ತಪ್ಪು ಅಂತಲೇ ಕಾಣುತ್ತೆ. ಆ ಅಳುಕು ಇದ್ದರೂ ಕೂತೇ ಇರಿ, ಅದು ತಾನಾಗಿ ಇಳಿಯುತ್ತೆ ಅಂತ ಹೇಳಿದೆ.

ಗಂಡನನ್ನೂ ಒಂದು ದಿನ ಕರೆಸಿದೆ. "ನಾನೇನು ಬೇಡ ಅಂದಿದ್ನಾ?" ಅಂತ ಕೇಳಿದರು. ಬೇಡ ಅನ್ನದಿದ್ದರೆ ಸಾಲದು ಸರ್, ನೀವೂ ಕೈ ಹಾಕಬೇಕು ಅಂದೆ. ಅದು ಅವರೆಕಾಯಿ ಕಾಲ. ಭಾನುವಾರ ಟಿವಿ ಆಫ್ ಮಾಡಿ ಮೂರೂ ಜನ ಕೂತು ಕಾಯಿ ಸುಲಿಯಬೇಕು, ಬೇಳೆ ಹಿತಕೋದು ಅಪ್ಪ ಮಗನ ಕೆಲಸ ಅಂತ ಒಪ್ಪಿಸಿದೆ. ಮುಂದಿನ ಭೇಟಿಯಲ್ಲಿ ಇವರು ಅದನ್ನೇ ಬಿಡದೆ ಹೇಳಿದರು. ಕೈಗೆಲ್ಲ ಹತ್ತಿದ ಸೊಗಡು, ಕಾಯಲ್ಲಿ ಹುಳ ಕಂಡು ಕಿರುಚಿದ ಮಗ, ಗಂಡ ಹೇಳಿದ ಹಳೇ ಕಥೆ. ಗಂಡ ಹಿತಕಿದ್ದು ಅರ್ಧಕ್ಕರ್ಧ ಮುರಿದಿದ್ದರೂ ಸಾರು ಚೆನ್ನಾಗಿತ್ತಂತೆ. ಆ ದಿನದ ಅಂಕಿ ಏಳು.

ಎಲ್ಲ ದಿನವೂ ಏಳು ಬರಲ್ಲ, ಬರಬೇಕಾಗಿಯೂ ಇಲ್ಲ. ಮೂರು ಬಂದ ದಿನವೂ ಕಾಫಿ ತಪ್ಪಿಸಬೇಡಿ ಅಂತ ಹೇಳಿದ್ದೇನೆ.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಅತ್ತೆಯ ಕೋಣೆ ಇನ್ನೂ ಮುಚ್ಚಿದ ಹಾಗೇ ಇದೆ. ಕಿಟಕಿಯಲ್ಲಿ ಒಳ್ಳೆ ಬೆಳಕು ಬರುತ್ತೆ, ಹೊಲಿಗೆ ಮಷೀನ್ ಅಲ್ಲಿಡಬೇಕು ಅಂತ ಇವರ ಆಸೆ. ಗಂಡ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಅವರಿಗೂ ಅದು ಅಮ್ಮನ ಕೋಣೆ ಅಲ್ವಾ? ಮಷೀನ್ ವಿಷಯ ಸದ್ಯಕ್ಕೆ ಎತ್ತಬೇಡಿ, ಅತ್ತೆಯ ಬೀರುವನ್ನು ಇಬ್ಬರೂ ಸೇರಿ ತೆಗೆದು, ಒಂದೊಂದೇ ಸೀರೆ ಯಾರಿಗೆ ಕೊಡೋದು ಅಂತ ಮಾತಾಡಿಕೊಳ್ಳಿ ಅಂತ ಹೇಳಿ ಕಳಿಸಿದ್ದೇನೆ.