ಟನಲ್ ಈಚೆ ಮಳೆ, ಆಚೆ ಬಿಸಿಲು!

ಪ್ರಶ್ನೆ: ಸರ್, ಹೋದ ಜುಲೈನಲ್ಲಿ ಫ್ರೆಂಡ್ಸ್ ಜೊತೆ ಮನಾಲಿಗೆ ಹೋಗಿದ್ದೆ. ಅಟಲ್ ಟನಲ್ ಒಳಗೆ ಹೋಗೋವಾಗ ಜಿಟಿಜಿಟಿ ಮಳೆ, ವೈಪರ್ ನಿಲ್ಲಿಸೋ ಹಾಗೇ ಇರ್ಲಿಲ್ಲ. ಒಂಬತ್ತು ಕಿ.ಮೀ. ದಾಟಿ ಆಚೆ ಬಂದ್ರೆ ನೀಲಿ ಆಕಾಶ, ಚುರುಚುರು ಬಿಸಿಲು. ಇದು ಹೇಗೆ? ಮತ್ತೆ, ಅಷ್ಟು ಎತ್ತರದ ಲೇಹ್‌ನಲ್ಲಿ ಮನಾಲಿಗಿಂತ ಹಿಮ ಕಮ್ಮಿ ಅಂತಾರೆ, ನಿಜವಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ದಾವಣಗೆರೆಯವರು ಇದನ್ನ ಕೇಳೋಕೆ ಮನಾಲಿವರೆಗೂ ಹೋಗ್ಬೇಕಿತ್ತಾ ಮಾರಾಯ್ರೆ! ಆಗುಂಬೆಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುತ್ತೆ, ನಿಮ್ಮ ಪಕ್ಕದ ಚಿತ್ರದುರ್ಗಕ್ಕೆ 600ರ ಆಸುಪಾಸು ಬಂದ್ರೆ ಪುಣ್ಯ. ಇಲ್ಲಿ ಘಟ್ಟ ಮಾಡೋ ಕೆಲಸಾನ ಅಲ್ಲಿ ಪೀರ್ ಪಂಜಾಲ್ ಸಾಲು ಮಾಡುತ್ತೆ. ನೀವು ಹೋದ ಟನಲ್ ಇರೋದು ಅದರ ಹೊಟ್ಟೆಯೊಳಗೆ, ತಲೆ ಮೇಲೆ 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್.

ದಾರಿಲಿ ಚಿಪ್ಸ್ ಪ್ಯಾಕೆಟ್ ಬಲೂನ್ ಥರ ಊದಿಕೊಂಡಿದ್ದು ನೋಡಿರ್ತೀರಿ. ಮೇಲೆ ಹೋದಂಗೆ ಹೊರಗಿನ ಒತ್ತಡ ಕಮ್ಮಿಯಾಗಿ ಒಳಗಿನ ಗಾಳಿ ಹಿಗ್ಗುತ್ತೆ. ಬೆಟ್ಟಕ್ಕೆ ಬಡಿದು ಮೇಲೇರೋ ಮುಂಗಾರು ಗಾಳಿಗೂ ಅದೇ ಕಥೆ, ಹಿಗ್ಗಿದಂಗೆ ತಣ್ಣಗಾಗುತ್ತೆ, ತಣ್ಣಗಾದ್ಮೇಲೆ ಅಷ್ಟೊಂದು ಆವಿ ಹೊತ್ಕೊಂಡು ಹೋಗೋಕಾಗಲ್ಲ, ಮೋಡ ಕಟ್ಟಿ ಈಚೆ ಬದಿಗೇ ಸುರಿಸಿಬಿಡುತ್ತೆ.

ಮಜಾ ಇರೋದು ಇಳಿಯೋವಾಗ. ಆವಿ ನೀರಾಗೋವಾಗ ಶಾಖ ಬಿಡುತ್ತಲ್ಲ, ಅದಕ್ಕೆ ಮೋಡದೊಳಗೆ ಏರೋ ಗಾಳಿ ಕಿಲೋಮೀಟರಿಗೆ ಸುಮಾರು 6 ಡಿಗ್ರಿ ಮಾತ್ರ ತಣ್ಣಗಾಗುತ್ತೆ, ಆದ್ರೆ ಒಣಗಿದ ಗಾಳಿ ಆಚೆ ಇಳಿಯೋವಾಗ ಕಿಲೋಮೀಟರಿಗೆ 10 ಡಿಗ್ರಿಯಷ್ಟು ಬಿಸಿಯಾಗುತ್ತೆ. ಲೆಕ್ಕ ಹಾಕಿ: 20 ಡಿಗ್ರಿ ಗಾಳಿ 2 ಕಿ.ಮೀ. ಏರಿದ್ರೆ 8, ಅಷ್ಟೇ ಇಳಿದ್ರೆ 28! ಮಿಕ್ಕ ಮೋಡನೂ ಈ ಬಿಸಿಗೆ ಆರಿಹೋಗುತ್ತೆ. ಅದಕ್ಕೇ ಬೆಟ್ಟದ ತಲೆ ಮೇಲೆ ಟೋಪಿ ಥರ ಕೂತ ಮೋಡ ಗಂಟೆಗಟ್ಟಲೆ ಅಲ್ಲಾಡದೆ ಇದ್ದಂಗೆ ಕಾಣೋದು, ನಿಜಕ್ಕೂ ಗಾಳಿ ಅದರೊಳಗೆ ಹಾದುಹೋಗ್ತಾನೇ ಇರುತ್ತೆ, ಈ ಕಡೆ ಹೊಸ ಮೋಡ ಹುಟ್ಟುತ್ತೆ, ಆ ಕಡೆ ಕರಗುತ್ತೆ.

ಇನ್ನು ಲೇಹ್. ಹೌದು, ನಿಜ. ಮನಾಲಿ 2,000 ಮೀಟರ್ ಚಿಲ್ಲರೆ, ಲೇಹ್ 3,500. ಚಳಿ ಬೇಕಾದಷ್ಟಿದೆ, ಪಸೆನೇ ಇಲ್ಲ. ಚಳಿಗಾಲದ ಹಿಮ ತರೋದು ಮುಂಗಾರಲ್ಲ, ಮೆಡಿಟರೇನಿಯನ್ ಕಡೆಯಿಂದ ಬರೋ ಪಶ್ಚಿಮದ ಗಾಳಿ. ಅದು ಪೀರ್ ಪಂಜಾಲ್‌ಗೆ, ಆಮೇಲೆ ದೊಡ್ಡ ಹಿಮಾಲಯದ ಸಾಲಿಗೆ ಸುರಿಸಿ ಸುರಿಸಿ ಲೇಹ್ ತಲುಪೋ ಹೊತ್ತಿಗೆ ಜೇಬು ಖಾಲಿ. ಮಳೆ, ಹಿಮ ಎಲ್ಲಾ ಸೇರಿಸಿ ನೀರಿನ ಲೆಕ್ಕದಲ್ಲಿ ವರ್ಷಕ್ಕೆ ಅಲ್ಲಿಗೆ ಸಿಗೋದು ಸುಮಾರು 100 ಮಿ.ಮೀ.

ನಮ್ಮ ಮುಳ್ಳಯ್ಯನಗಿರಿದು ಉಲ್ಟಾ ಸಮಸ್ಯೆ. ಪಸೆ ಧಾರಾಳ, ಆದ್ರೆ ಎತ್ತರ 1,930 ಮೀಟರ್, ನಮ್ಮ ಕಡೆ ಮಳೆಗಾಲದಲ್ಲಿ ನೀರು ಹೆಪ್ಪುಗಟ್ಟೋ ಚಳಿ ಸಿಗಬೇಕಂದ್ರೆ 5 ಕಿ.ಮೀ. ಹತ್ತಿರ ಏರ್ಬೇಕು. ಜನವರಿ ಬಂದ್ರೆ ವಾಟ್ಸಾಪಲ್ಲಿ 'ಊಟಿಲಿ ಸ್ನೋ' ಅಂತ ವಿಡಿಯೋ ಬರುತ್ತಲ್ಲ, ಅದು ಮೇಲಿಂದ ಬಿದ್ದಿದ್ದಲ್ಲ, ರಾತ್ರಿ ತಣ್ಣಗಾದ ಹುಲ್ಲಿನ ಮೇಲೆ ಗಾಳಿಯ ಆವಿ ಅಲ್ಲೇ ಗಟ್ಟಿಯಾಗಿದ್ದು. ಎಂಟೊಂಬತ್ತು ಗಂಟೆ ಬಿಸಿಲಿಗೆ ಮಾಯ.